ಬೆನ್ನ ಮೇಲೆ ಉಳಿದ ಪರಾಗ

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲಿರುವ ಸೂಕ್ಷ್ಮದರ್ಶಕದ ಕೆಳಗೆ ಒಂದು ತುಡುವೆ ಜೇನುನೊಣ ಇದೆ. ಮೊನ್ನೆ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಲ್ಲೇ ಸತ್ತು ಬಿದ್ದಿತ್ತು. ಹಿಂಗಾಲಿನ ಹಳದಿ ಪರಾಗದ ಉಂಡೆ ಮಾತ್ರ ಹಾಗೇ ಇತ್ತು. ಮನೆ ಬಾಗಿಲವರೆಗೂ ಹೊತ್ತು ತಂದಿತ್ತಲ್ಲ ಎಂದು ನನಗೆ ಬಹಳ ಹೊತ್ತು ಅಲ್ಲಿಂದ ಏಳಲಾಗಲಿಲ್ಲ.

ಬರಿಗಣ್ಣಿಗೆ ಅದರ ಮೈ ಮೇಲೆ ಕಾಣುವುದು ನವಿರಾದ ರೋಮ, ಅಷ್ಟೇ. 100 ಪಟ್ಟು ಹಿಗ್ಗಿಸಿದಾಗ ಗೊತ್ತಾಗುತ್ತದೆ, ಆ ರೋಮ ನಮ್ಮ ಕೂದಲಿನ ಹಾಗೆ ನುಣುಪಲ್ಲ, ಹಕ್ಕಿಯ ಗರಿಯಂತೆ ಕವಲೊಡೆದದ್ದು. ಪರಾಗ ಸಿಕ್ಕಿಕೊಳ್ಳುವುದು ಆ ಕವಲುಗಳ ಸಂದಿಯಲ್ಲಿ. ಹಾರುವಾಗ ನೊಣದ ಮೈಯಲ್ಲಿ ಧನ ವಿದ್ಯುದಂಶ ಸೇರಿಕೊಳ್ಳುವುದರಿಂದ ಕಣಗಳು ಹೂವಿನಿಂದ ತಾವಾಗಿ ಜಿಗಿದು ಅಂಟಿಕೊಳ್ಳುವುದೂ ಉಂಟು.

ಕಣಗಳಾದರೂ ಎಷ್ಟು ಬಗೆ! ಸೂರ್ಯಕಾಂತಿಯದಕ್ಕೆ ಮೈಯೆಲ್ಲ ಮುಳ್ಳು. ನಾಚಿಕೆಮುಳ್ಳಿನಲ್ಲಿ ನಾಲ್ಕು ನಾಲ್ಕು ಕಣ ಅಂಟಿಕೊಂಡೇ ಇರುತ್ತವೆ. ನಾಲ್ಕೂ ಸೇರಿ 10 ಮೈಕ್ರಾನ್ ಆಸುಪಾಸು; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸಿಹಿಗುಂಬಳದ ಒಂದೇ ಕಣ 100 ಮೈಕ್ರಾನಿಗೂ ದೊಡ್ಡದು. ಸಾಸಿವೆಯ ಪಕ್ಕ ಅಡಿಕೆ ಇಟ್ಟ ಹಾಗೆ.

ಈಗ ಕಾಲು ನೋಡೋಣ. ಮುಂಗಾಲು ತಲೆ, ಕಣ್ಣು ಒರೆಸಿ, ಪರಾಗಕ್ಕೆ ಬಾಯಿಂದ ತುಸು ಮಕರಂದ ಹಚ್ಚಿ ನಾದುತ್ತದೆ. ನಡುಗಾಲು ಅದನ್ನು ಹಿಂದಕ್ಕೆ ದಾಟಿಸುತ್ತದೆ. ಹಿಂಗಾಲುಗಳ ಒಳಮಗ್ಗುಲಲ್ಲಿ ಸಾಲು ಸಾಲು ಬಾಚಣಿಗೆ. ಒಂದು ಕಾಲಿನದನ್ನು ಇನ್ನೊಂದು ಕಾಲು ಕೆರೆದುಕೊಳ್ಳುತ್ತದೆ. ಆಮೇಲೆ ಕೀಲು ಮಡಿಸಿದಾಗ ಪರಾಗ ಅದುಮಿಸಿಕೊಂಡು ಹೊರಮಗ್ಗುಲ ಬುಟ್ಟಿಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಬುಟ್ಟಿ ಎಂದರೆ ನುಣುಪಾದ ತಗ್ಗು, ಸುತ್ತ ಬಿರುಸು ರೋಮದ ಬೇಲಿ. ಉಂಡೆ ಜಾರದಂತೆ ನಡುವೆ ಒಂದೇ ಒಂದು ರೋಮ ಗೂಟದಂತೆ ನಿಂತಿದೆ. ಇಷ್ಟೆಲ್ಲ ನಡೆಯುವುದು ಬಹುಮಟ್ಟಿಗೆ ಹಾರಾಡುತ್ತಲೇ.

ಈ ಉಂಡೆಯೇ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತದೆ ಎಂದು ನಾನೂ ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ಉಂಡೆ ಗೂಡಿನ ಮರಿಗಳ ಪಾಲು. ಮಕರಂದದಲ್ಲಿ ಕಲಸಿದ ಪರಾಗದ ಮೊಳೆಯುವ ಶಕ್ತಿಯೂ ಕುಂದುತ್ತದೆ. ಹೂವಿಗೆ ದಕ್ಕುವುದು ಬಾಚಿಕೊಂಡ ಮೇಲೂ ಉಳಿದದ್ದು. ನೊಣದ ಬೆನ್ನಿನ ನಟ್ಟನಡುವೆ, ಸೊಂಟದ ಸಂದಿಯಲ್ಲಿ, ಕಾಲು ಸರಿಯಾಗಿ ಎಟುಕದ ಕಡೆಗಳಲ್ಲಿ ಒಣ ಕಣಗಳು ಉಳಿದುಬಿಡುತ್ತವೆ.

ತುಂಬೆ ಹೂವನ್ನು ನೆನಪಿಸಿಕೊಳ್ಳಿ. ಪರಾಗ ಹೊರುವ ಅದರ ಕೇಸರಗಳು ಮೇಲ್ದುಟಿಯ ಚಪ್ಪರದಡಿ ಇವೆ. ನೊಣ ಮಕರಂದಕ್ಕೆ ತಲೆ ತೂರಿಸಿದರೆ ಪರಾಗ ತಲೆಗೂ ಬೆನ್ನಿಗೂ ಬೀಳುತ್ತದೆ. ಪರಾಗವನ್ನು ಬರಮಾಡಿಕೊಳ್ಳುವ ತುದಿ, ಅಂದರೆ ಶಲಾಕಾಗ್ರವೂ ಅದೇ ಚಪ್ಪರದಡಿ ಇರುವುದರಿಂದ ಮುಂದಿನ ತುಂಬೆಯಲ್ಲಿ ಅದು ತಾಗುವುದೂ ಅಲ್ಲಿಗೇ. ಅದೇ ಕುಟುಂಬದ ತುಳಸಿಯಲ್ಲಿ ಕೇಸರ ಕೆಳಗೆ ಚಾಚಿಕೊಂಡಿದೆ, ಪರಾಗ ಹತ್ತುವುದು ಹೊಟ್ಟೆಗೆ. ಒಂದೇ ನೊಣ, ಒಂದೊಂದು ಹೂವಿಗೆ ಒಂದೊಂದು ಜಾಗ.

ಇನ್ನೊಂದು ಗಾಜಿನ ಪಟ್ಟಿ ಇದೆ. ಈ ನೊಣದ ಉಂಡೆಯಿಂದ ಚಿಟಿಕೆ ತೆಗೆದು ಗ್ಲಿಸರಿನ್‌ನಲ್ಲಿ ಕದಡಿದ್ದೇನೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಜಾತಿಯ ಕಣ. ಹೊರಟ ಒಂದು ಸುತ್ತಿನಲ್ಲಿ ಜೇನುನೊಣ ಸಾಮಾನ್ಯವಾಗಿ ಒಂದೇ ಬಗೆಯ ಹೂವಿಗೆ ನಿಷ್ಠೆಯಿಂದಿರುತ್ತದೆ. ಹಾಗಿಲ್ಲದಿದ್ದರೆ ತುಂಬೆಯ ಪರಾಗ ತುಳಸಿಗೆ ಬಿದ್ದು ವ್ಯರ್ಥವಾಗುತ್ತಿತ್ತು.

ಮೊದಲು ಮಕ್ಕಳು ಬನ್ನಿ. ಕಾಲಿನ ಉಂಡೆ ಆಮೇಲೆ ನೋಡಬಹುದು; ನೊಣವಿರುವ ಪಟ್ಟಿಯನ್ನು ತುಸು ಎಡಕ್ಕೆ ಸರಿಸಿ, ಬೆನ್ನಿನ ನಡುವೆ ಉಳಿದಿರುವ ಆ ಐದಾರು ಕಣ ಹುಡುಕಿ.