ಲೆಕ್ಕ ಹೊಂದಿಸೋದು ಬಿಡ್ರಿ

ಎಲ್ಲರಿಗೂ ಶರಣು ಶರಣಾರ್ಥಿ.

ಶ್ರಾವಣ ಬಂದರೆ ಸಾಕು, ನಮ್ಮ ಕಲಬುರಗಿ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡಲು ಶುರು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ವಿಜ್ಞಾನಿಗಳ ಪ್ರಕಾರ ಭೂಮಿಯ ವಯಸ್ಸು 454 ಕೋಟಿ. ನೋಡಿದಿರಾ, ಎಲ್ಲಾ ನಮ್ಮ ಪುರಾಣದಲ್ಲೇ ಇತ್ತು!

ಎಲ್ಲಿ ಹೊಂದಿತು ರೀ? ನಡುವೆ 22 ಕೋಟಿ ವರ್ಷ ಇದೆ. ಡೈನೋಸಾರ್‌ಗಳು ಹುಟ್ಟಿ, ಮೆರೆದು, ಮಣ್ಣಾಗಲು ಅಷ್ಟೂ ಬೇಕಾಗಲಿಲ್ಲ. ಅದಕ್ಕಿಂತ ಮಜಾ ಬೇರೆ ಇದೆ. ಪೂಜೆಯ ಸಂಕಲ್ಪದಲ್ಲಿ ‘ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ’ ಅಂತ ಕೇಳಿರುತ್ತೀರಿ ಅಲ್ವಾ? ಕಲ್ಪ ಅಂದರೆ ಬ್ರಹ್ಮನ ಒಂದು ಹಗಲು, ಮನ್ವಂತರ ಅದರ ಒಂದು ಭಾಗ. ಆ ಲೆಕ್ಕ ಹಿಡಿದರೆ ಈಗಿನ ಹಗಲಿನಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ ಮಾತ್ರ. ಅರ್ಧ ಹಗಲೂ ಆಗಿಲ್ಲ! ಮೆಸೇಜ್ ಕಳಿಸಿದವರು ಪುರಾಣವನ್ನೂ ಸರಿಯಾಗಿ ಓದಿಲ್ಲ.

ಈ ಚಟ ನಮ್ಮದೊಂದೇ ಅಲ್ಲ. ದೇವರು ಆರು ದಿನದಲ್ಲಿ ಜಗತ್ತು ಸೃಷ್ಟಿಸಿದ ಎಂಬ ಮಾತನ್ನು ಹೀಗೇ ಎಳೆದಾಡುವವರು ಮಸೀದಿ ಕಡೆಯೂ ಇದ್ದಾರೆ, ಚರ್ಚ್ ಕಡೆಯೂ ಇದ್ದಾರೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಪಾದ್ರಿ. ವಿಶ್ವಕ್ಕೆ ಒಂದು ಆರಂಭ ಇತ್ತು ಎನ್ನುವ ಮಹಾಸ್ಫೋಟದ (ಬಿಗ್ ಬ್ಯಾಂಗ್) ಮೂಲ ಕಲ್ಪನೆ ಅವರದೇ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ವಿಜ್ಞಾನ ಸೃಷ್ಟಿಗೇ ಸಾಕ್ಷಿ ಹೇಳುತ್ತಿದೆ ಎಂಬಂತೆ ಮಾತಾಡಿದರು. ಖುಷಿಪಡಬೇಕಾದ ಪಾದ್ರಿಗೇ ಅದು ಹಿಡಿಸಲಿಲ್ಲ. ನನ್ನ ಸಿದ್ಧಾಂತಕ್ಕೂ ಧರ್ಮಕ್ಕೂ ಗಂಟು ಹಾಕಬೇಡಿ ಎಂಬುದು ಅವರ ನಿಲುವು. ನನಗೆ ಈ ಮನುಷ್ಯನ ಮೇಲೆ ಭಾರಿ ಗೌರವ.

ಯಾಕೆ ಅಂದರೆ, ವಿಜ್ಞಾನದ ಕಥೆಯನ್ನು ಪರೀಕ್ಷೆ ಮಾಡಬಹುದು, ತಪ್ಪು ಕಂಡರೆ ತಿದ್ದಬಹುದು. ನಮ್ಮ ಕಾಲ ಕೆಳಗಿನ ಶಹಾಬಾದ್ ಫರಸಿಯನ್ನೇ ನೋಡಿ. ಬಾತ್‌ರೂಮ್ ತೊಳೆಯೋ ಆಸಿಡ್ ಒಂದು ಹನಿ ಬಿದ್ದರೆ ಬುಸ್ ಅಂತ ನೊರೆ ಬರುತ್ತದೆ, ಕಲ್ಲು ಮಂಕಾಗುತ್ತದೆ, ಮನೆಯಲ್ಲಿ ಬೈಗುಳ ಗ್ಯಾರಂಟಿ. ಆ ನೊರೆಯೇ ಅದು ಸುಣ್ಣದ ಕಲ್ಲು ಅನ್ನೋದಕ್ಕೆ ಗುರುತು. 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಅದಕ್ಕೇ ಫರಸಿ ಅಷ್ಟು ಚಪ್ಪಟೆಯಾಗಿ ಏಳುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಈ ಕಲ್ಲಿಗಾಗಿಯೇ. ಆಮೇಲೆ, 6.6 ಕೋಟಿ ವರ್ಷಗಳ ಹಿಂದೆ, ಈ ಕಡೆ ಲಾವಾ ಹರಿಯಿತು. ನಾವು ತೊಗರಿ ಬೆಳೆಯುವ ಕರಿ ಮಣ್ಣು ಆ ಲಾವಾ ಕಲ್ಲು ಸವೆದು ಆದದ್ದು.

ಈಗ ವಿಶ್ವದ ವಯಸ್ಸು 1380 ಕೋಟಿ ವರ್ಷ ಎನ್ನುತ್ತಾರೆ. ನಾಳೆ ಒಳ್ಳೆಯ ದೂರದರ್ಶಕ ಬಂದು ಅಂಕಿ ಬದಲಾದರೆ ವಿಜ್ಞಾನಿಗಳು ತಿದ್ದಿಕೊಳ್ಳುತ್ತಾರೆ. ಆ ಅಂಕಿಗೆ ಪುರಾಣವನ್ನು ಕಟ್ಟಿಹಾಕಿದವರು ಏನು ಮಾಡುತ್ತಾರೆ? ಪುರಾಣ ತಿದ್ದುತ್ತಾರಾ?

ಇನ್ನು ಪುರಾಣ ಅಂದಕೂಡಲೇ ನಗುವ ನಮ್ಮ ವಿಜ್ಞಾನದ ಗೆಳೆಯರು. ನೀವೂ ಸುಮ್ನೆ ಅದೇ ತಪ್ಪು ಮಾಡುತ್ತಿದ್ದೀರಿ, ಅದನ್ನು ಭೌತಶಾಸ್ತ್ರದ ಪುಸ್ತಕ ಅಂತ ಓದಿ ಫೇಲ್ ಮಾಡುತ್ತಿದ್ದೀರಿ. ಶ್ರಾವಣದ ಸಂಜೆ ಪುರಾಣ ಕೇಳಲು ಬರುವ ಅಜ್ಜಿಗೆ ಭೂಮಿಯ ವಯಸ್ಸು ಬೇಕಾಗಿಲ್ಲ. ಇದ್ದದ್ದರಲ್ಲಿ ಹಂಚಿ ತಿನ್ನಬೇಕು, ಬಂದ ಕಷ್ಟ ಹೇಗೆ ತಡೆದುಕೊಳ್ಳಬೇಕು, ಇಂಥದ್ದನ್ನು ಕೇಳಲು ಆಕೆ ಬಂದಿರುತ್ತಾಳೆ. ಆಕೆಯ ಫೋನಿಗೂ ಆ 432 ಕೋಟಿ ಮೆಸೇಜ್ ಬಂದಿರುತ್ತದೆ, ಕಳಿಸಿದವನು ಇಂಜಿನಿಯರಿಂಗ್ ಓದಿದ ಮೊಮ್ಮಗ.