ಕೆರೆ ನೋಡಲು ಹೋಗುವುದಾದರೆ ಬೆಳಗಿನ ಜಾವ ಹೋಗಿ

ನಮಸ್ಕಾರ. ಬಿಎಸ್‌ಸಿ ಮಕ್ಕಳನ್ನು ಕೆರೆಗೆ ಫೀಲ್ಡ್ ಟ್ರಿಪ್ ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಇವತ್ತು ನನ್ನದೊಂದು ಕೋರಿಕೆ. ಹನ್ನೊಂದು ಗಂಟೆಗೆ ಹೋಗಬೇಡಿ. ಬೆಳಕು ಹರಿಯುವ ಮೊದಲೇ ಅಲ್ಲಿರಿ.

ಹೆಸರಘಟ್ಟವನ್ನೇ ತೆಗೆದುಕೊಳ್ಳಿ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ. 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಹರಿದದ್ದು ಇಲ್ಲಿಂದ. ಇಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವೂ ಇದೆ. ಇಂಥ ಜಾಗಕ್ಕೆ ಹೋದ ಮಕ್ಕಳು ಕಾಟ್ಲಾ, ರೋಹು, ಮೃಗಾಲ್ ನೋಡುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ, ಗ್ರೂಪ್ ಫೋಟೋ ತೆಗೆಸಿಕೊಂಡು ಊಟ ಮಾಡಿ ಬಸ್ ಹತ್ತುತ್ತಾರೆ. ಮೀನಿನ ಹೆಸರು ಗೊತ್ತಾಯಿತು, ಸರಿ. ಆದರೆ ಆ ಮೀನು ರಾತ್ರಿ ಕಳೆದದ್ದು ಹೇಗೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ಹಗಲಲ್ಲಿ ಪಾಚಿ ಬಿಸಿಲು ತಿಂದು ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ, ತುಂಬುವವರು ಯಾರೂ ಇಲ್ಲ. ಹಾಗಾಗಿ ಸೂರ್ಯ ಹುಟ್ಟುವ ಸ್ವಲ್ಪ ಮೊದಲು ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. 25 ಡಿಗ್ರಿ ಬಿಸಿಯ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಚರಂಡಿ ನೀರು ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಅದಕ್ಕಿಂತ ಜಾಸ್ತಿ ಇರಬಹುದು, ಬೆಳಗಿನ ಜಾವ ಸೊನ್ನೆಯ ಹತ್ತಿರ ಇಳಿದಿರಬಹುದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿದೆಯಲ್ವಾ? ಅಂಥ ಸುದ್ದಿ ಓದಿದ ಜೀವಶಾಸ್ತ್ರದ ವಿದ್ಯಾರ್ಥಿ ಮೊದಲು ಕೇಳಬೇಕಾದ್ದು, ಹಿಂದಿನ ರಾತ್ರಿ ನೀರಿನಲ್ಲಿ ಎಷ್ಟು ಆಮ್ಲಜನಕ ಇತ್ತು ಅಂತ. ಹನ್ನೊಂದು ಗಂಟೆಯ ಒಂದೇ ಅಳತೆ ನೋಡಿದವರು ಕೆರೆ ಚೆನ್ನಾಗಿದೆ ಅಂತಲೇ ಬರೆದುಕೊಂಡು ಬರುತ್ತಾರೆ.

ನೀರಿನ ಆಮ್ಲಜನಕ ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ವಿಂಕ್ಲರ್ ವಿಧಾನ 1888ರಿಂದ ಇದೆ. ಗುಳ್ಳೆ ಸೇರದ ಹಾಗೆ ಬಾಟಲಿಗೆ ನೀರು ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ. ಅದೇ ಕೆರೆಯ ನೀರು ಸಂಜೆ ನಾಲ್ಕಕ್ಕೆ ಕಡು ಕಂದು, ಬೆಳಗಿನ ಐದಕ್ಕೆ ಮಾಸಲು ಬಿಳಿ. ಇದನ್ನು ತನ್ನ ಕೈಯಲ್ಲೇ ಹಿಡಿದು ನೋಡಿದ ಹುಡುಗಿಗೆ ಬೇರೆ ಪಾಠ ಬೇಕಾ? ಲ್ಯಾಬ್‌ಗೆ ಬಂದು, ದ್ರಾವಣವನ್ನು ಹನಿಹನಿಯಾಗಿ ಹಾಕಿ ಅಳೆಯುವ ಟೈಟ್ರೇಷನ್ ಮಾಡಿದರೆ ಅಂಕಿಯೂ ಸಿಗುತ್ತದೆ.

ಮತ್ತೆ, ಬಲೆ ಎಳೆಯುವ ಕೆಲಸಗಾರರನ್ನು ಮಾತಾಡಿಸಿ. ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸಿದರೆ ಅದರ ಅರ್ಥ ಏನು ಅಂತ ಅವರಿಗೆ ಮೀಟರ್ ಇಲ್ಲದೆಯೂ ಗೊತ್ತು. ನನ್ನ ಪ್ರಕಾರ ಆ ದಿನದ ಮುಖ್ಯ ಉಪನ್ಯಾಸ ಅವರದೇ ಆಗಬೇಕು.

ನಸುಕಿಗೇ ಅಲ್ಲಿರಬೇಕಾದರೆ ಹಿಂದಿನ ರಾತ್ರಿ ಹೆಣ್ಣುಮಕ್ಕಳನ್ನು ಅಲ್ಲಿ ತಂಗಿಸುವುದು ಹೇಗೆ ಅಂತ ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೇಡಂ ಒಬ್ಬರು ಜೊತೆಗಿರಲಿ, ತಂಗುವ ಜಾಗ ಮೊದಲೇ ತೋರಿಸಿ, ಅನುಮತಿ ಬರವಣಿಗೆಯಲ್ಲೇ ಇರಲಿ. ಅದೂ ಆಗದಿದ್ದರೆ ಕಾಲೇಜಿನ ಹತ್ತಿರದ ಕೆರೆ ಸಾಕು, ಮೂರೂವರೆಗೆ ಬಸ್ ಹೊರಡಿಸಿ. ಆದರೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಹುಡುಗರನ್ನು ಮಾತ್ರ ಕರೆದುಕೊಂಡು ಹೋಗುವುದಾದರೆ ಆ ಟ್ರಿಪ್ಪೇ ಬೇಡ. ಇಂಟರ್ನಲ್ ಅಂಕ ಕೊಡುವಾಗಲೂ ರೆಕಾರ್ಡ್ ಪುಸ್ತಕದ ಬೈಂಡಿಂಗ್ ನೋಡಬೇಡಿ. ಸಂಜೆಯದೊಂದು, ಬೆಳಗಿನದೊಂದು, ಎರಡು ಅಳತೆ ಬರೆದಿದ್ದಾರಾ ನೋಡಿ.