ಸಾಂತೋ ಸೊಂಟದಿಂದ ಹೊರಟ ಬೆಲ್ಟು

ಕೇಳುಗರಿಗೆಲ್ಲ ನಮಸ್ಕಾರ.

ಕುಸ್ತಿ ಚಾಂಪಿಯನ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕೇ ಬಾರದಂಥ ಆಳು. ಟಿವಿಯಲ್ಲಿ ಅಮೆರಿಕದ ಕುಸ್ತಿ ನೋಡಿ ಬೆಳೆದವರಿಗಂತೂ ದೊಡ್ಡ ಬೆಲ್ಟು ದೊಡ್ಡ ಮೈಯವನಿಗೇ ಸೇರಿದ್ದು. ಮೆಕ್ಸಿಕೋದಲ್ಲಿ ಲೆಕ್ಕ ಬೇರೆ. ಅಲ್ಲಿ ಜನ ಟಿಕೆಟ್ಟಿಗೆ ಮುಗಿಬಿದ್ದದ್ದು ಸಣ್ಣ ಮೈಯ, ಚುರುಕು ಕಾಲಿನ ಪಟುಗಳಿಗಾಗಿ. ಅಂಥವರಿಗೆಂದೇ ಮಾಡಿದ ಒಂದು ಬೆಲ್ಟಿದೆ. ವಿಶ್ವ ವೆಲ್ಟರ್‌ವೇಟ್ ಬೆಲ್ಟು. ಹೆಚ್ಚುಕಡಿಮೆ 70 ಕಿಲೋದಿಂದ 78 ಕಿಲೋ ತೂಗುವವರದು. ಕುಸ್ತಿಯ ಬೆಲ್ಟುಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಇದೇ. ಇವತ್ತು ಅದರ ಕಥೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಮೆಕ್ಸಿಕೋದ ಈ ಕುಸ್ತಿಗೆ ಲೂಚಾ ಲಿಬ್ರೆ ಅಂತ ಹೆಸರು. ಇದರಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮುಂಚೆಯೇ ಮಾತಾಗಿರುತ್ತದೆ. ಹಾಗಾದರೆ ಚಾಂಪಿಯನ್ ಪಟ್ಟಕ್ಕೆ ಏನು ಬೆಲೆ ಅಂತ ನೀವು ಕೇಳಬಹುದು. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತೇವೆ ಅಲ್ವಾ? ಆ ವೇಷ ಯಾರಿಗೆ ಕೊಟ್ಟಿದ್ದಾರೆ ಅನ್ನುವುದರ ಮೇಲೆ ಆಟಕ್ಕೆ ಜನ ಬರುತ್ತಾರೆ. ಬೆಲ್ಟೂ ಹಾಗೆಯೇ. ಇವನನ್ನು ನಂಬಿ ಅರೀನಾ ತುಂಬಿಸಬಹುದು, ಇವನು ಅರ್ಧ ಗಂಟೆ ಕಾಲ ಜನರ ಕಣ್ಣು ಆಚೀಚೆ ಹೋಗದ ಹಾಗೆ ಆಡಬಲ್ಲ ಎಂಬ ನಂಬಿಕೆ ಬಂದವನಿಗೇ ಅದನ್ನು ಕಟ್ಟುತ್ತಾರೆ. ಯಾರ ಮೇಲೆ ಯಾವಾಗ ನಂಬಿಕೆ ಇಟ್ಟರು ಅನ್ನುವುದೇ ಈ ಬೆಲ್ಟಿನ ಚರಿತ್ರೆ.

ಆ ನಂಬಿಕೆಯ ಲೆಕ್ಕ ಹಾಕಿದ ಮೊದಲ ಮನುಷ್ಯ ಸಾಲ್ವದೋರ್ ಲುತ್ತೆರೋತ್. ತೆರಿಗೆ ಇಲಾಖೆಯ ಕೆಲಸಕ್ಕೆಂದು ಅಮೆರಿಕದ ಗಡಿಯ ಹುಆರೆಸ್ ಊರಿನಲ್ಲಿದ್ದ. ಸೇತುವೆ ದಾಟಿದರೆ ಟೆಕ್ಸಾಸಿನ ಎಲ್ ಪಾಸೋ. ಅಲ್ಲಿ 1929ರಲ್ಲಿ ಕುಸ್ತಿ ಪಂದ್ಯ ನೋಡಿದ. ಆ ರುಚಿ ಹತ್ತಿದ್ದು ಬಿಡಲಿಲ್ಲ. 1933ರ ಸೆಪ್ಟೆಂಬರ್ 21ರಂದು ಮೆಕ್ಸಿಕೋ ನಗರದಲ್ಲಿ ತನ್ನದೇ ಕಂಪನಿಯ ಮೊದಲ ಪಂದ್ಯ ನಡೆಸಿದ. ಆ ಕಂಪನಿ ಇವತ್ತಿಗೂ ನಡೆಯುತ್ತಿದೆ. ಈಗಿನ ಹೆಸರು ಸಿಎಂಎಲ್‌ಎಲ್.

ಮೊದಮೊದಲು ಹೊರದೇಶದ ಪಟುಗಳದ್ದೇ ದರ್ಬಾರು. ಆಮೇಲೆ ಮೆಕ್ಸಿಕೋದ ಹುಡುಗರು ಬಂದರು. ಅವರು ದೊಡ್ಡ ಮೈಯವರಲ್ಲ. ಹಾಗಾಗಿ ಮಿಡ್ಲ್‌ವೇಟ್, ವೆಲ್ಟರ್‌ವೇಟ್ ಬೆಲ್ಟುಗಳೇ ಅಲ್ಲಿ ಮುಖ್ಯವಾದವು. ಹೆವಿವೇಟ್ ಬೆಲ್ಟು ಹಿಂದಿನ ಸಾಲಿಗೆ ಹೋಯಿತು. 1943ರಲ್ಲಿ ನಗರದ ನಡುವೆ ಪೆರು ಬೀದಿಯಲ್ಲಿ ಅರೀನಾ ಕೊಲಿಸೇಯೊ ಕಟ್ಟಿದರು. ಆಲಿಕೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಎಲ್ಲಿ ಕೂತರೂ ರಿಂಗು ಕಾಲ ಬುಡದಲ್ಲೇ ಇದ್ದ ಹಾಗೆ. ಜನ ಅದನ್ನು ಆಲಿಕೆ ಅಂತಲೇ ಕರೆಯುತ್ತಾರೆ.

1946ರ ಮಾರ್ಚ್ 15. ಹೊಸದಾಗಿ ಮಾಡಿದ ವಿಶ್ವ ವೆಲ್ಟರ್‌ವೇಟ್ ಪಟ್ಟಕ್ಕೆ ಟೂರ್ನಮೆಂಟಿನ ಫೈನಲ್. ಒಂದು ಕಡೆ ಪೀಟ್ ಪ್ಯಾಂಕಾಫ್. ಇನ್ನೊಂದು ಕಡೆ ಬೆಳ್ಳಿ ಬಣ್ಣದ ಮುಖವಾಡ ತೊಟ್ಟವನು. ಗೆದ್ದವನು ಮುಖವಾಡದವನು, ಎಲ್ ಸಾಂತೋ. ಅಂದರೆ ಸಂತ.

ಈ ಸಂತ ಆಗ ಸಾಧುವೇನೂ ಆಗಿರಲಿಲ್ಲ. ಲೂಚಾದಲ್ಲಿ ಎರಡು ಬಣ. ನಿಯಮ ಪಾಲಿಸಿ ಆಡುವವರು ತೆಕ್ನಿಕೋಗಳು. ನಿಯಮ ಮುರಿಯುವ ಒರಟರು ರೂದೋಗಳು. ಸಾಂತೋ ರೂದೋ. ತುಲಾನ್ಸಿಂಗೋ ಎಂಬ ಊರಿನಲ್ಲಿ 1917ರಲ್ಲಿ ಹುಟ್ಟಿದ ರೊದೋಲ್ಫೋ ಗುಸ್ಮಾನ್ ಹಲವು ಹೆಸರುಗಳಲ್ಲಿ ಆಡಿ, ಯಾವುದೂ ಹತ್ತದೆ, 1942ರಲ್ಲಿ ಈ ಬೆಳ್ಳಿ ಮುಖವಾಡ ಹಾಕಿಕೊಂಡವನು. ಅದಕ್ಕೂ ಮುಂಚೆ ಬಾವಲಿಯ ಹೆಸರು ಇಟ್ಟುಕೊಂಡಿದ್ದ. ಮೊದಲೇ ಆ ಹೆಸರಿನಲ್ಲಿ ಆಡುತ್ತಿದ್ದವನು ಕುಸ್ತಿ ಆಯೋಗಕ್ಕೆ ದೂರು ಕೊಟ್ಟ. ಆ ಹೆಸರೂ ಹೋಯಿತು. ಅಂಥವನ ಸೊಂಟಕ್ಕೆ ನಾಲ್ಕೇ ವರ್ಷದಲ್ಲಿ ವಿಶ್ವ ಪಟ್ಟ ಬಂತು ಅಂದರೆ ಜನರ ಮೇಲೆ ಆ ಮುಖವಾಡದ ಹಿಡಿತ ಎಂಥದ್ದು ಅಂತ ಊಹಿಸಿಕೊಳ್ಳಿ.

ಪಟ್ಟದ ಪಂದ್ಯ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಬೆಲ್ಟಿನ ವಿಚಾರದಲ್ಲಿ ನನ್ನನ್ನು ಹಿಡಿದಿಟ್ಟ ಭಾಗ ಇದು. ಮಾಮೂಲಿ ದಿನಗಳಲ್ಲಿ ರೂದೋ ಏನು ಬೇಕಾದರೂ ಮಾಡುತ್ತಾನೆ. ಮುಖವಾಡ ಹರಿಯುತ್ತಾನೆ, ಹಿಂದಿನಿಂದ ಹೊಡೆಯುತ್ತಾನೆ, ರೆಫರಿ ಆ ಕಡೆ ತಿರುಗಿದರೆ ಸಾಕು, ಕಣ್ಣಿಗೆ ಬೆರಳು ಹಾಕುತ್ತಾನೆ. ಪಟ್ಟದ ಪಂದ್ಯದ ದಿನ ಅದೇ ರೂದೋ ಬೇರೆ ಮನುಷ್ಯ. ಇಬ್ಬರ ಮೂಲೆಯಲ್ಲೂ ಒಬ್ಬೊಬ್ಬ ಸಹಾಯಕ ನಿಂತಿರುತ್ತಾನೆ. ಬೆಲ್ಟನ್ನು ಎತ್ತಿ ನಾಲ್ಕೂ ಕಡೆಗೆ ತೋರಿಸುತ್ತಾರೆ. ಮೂರರಲ್ಲಿ ಎರಡು ಸುತ್ತು ಗೆದ್ದವನಿಗೆ ಪಟ್ಟ, ಸಮಯಕ್ಕೆ ಮಿತಿ ಇಲ್ಲ. ಮೊದಲ ಸುತ್ತು ಮೆಲ್ಲಗೆ ಶುರುವಾಗುತ್ತದೆ. ಕೈಗೆ ಕೈ, ಮೊಣಕೈಗೆ ಪಟ್ಟು, ನೆಲಕ್ಕೆ ತಂದು ಕಾಲು ತಿರುವುವುದು. ಸ್ಪ್ಯಾನಿಷ್‌ನಲ್ಲಿ ಕುಸ್ತಿಯ ಪಟ್ಟಿಗೆ ‘ಯಾವೆ’ ಅನ್ನುತ್ತಾರೆ. ಕೀಲಿಕೈ ಅಂತ ಅರ್ಥ. ಅದನ್ನು ಬಿಡಿಸಿಕೊಳ್ಳುವ ಮರುಪಟ್ಟು ‘ಕೋಂತ್ರಾಯಾವೆ’. ಒಬ್ಬ ಬೀಗ ಹಾಕುತ್ತಾನೆ, ಇನ್ನೊಬ್ಬ ತೆಗೆಯುತ್ತಾನೆ. ಚೀರಾಡುತ್ತಿದ್ದ ಜನ ಆ ಹೊತ್ತಿಗೆ ತೆಪ್ಪಗಾಗಿ, ಕತ್ತು ಚಾಚಿ ನೋಡುತ್ತಾರೆ. ಹೊಡೆದಾಟವೇ ಬೇಕು ಅನ್ನುವವರಿಗೆ ಮುಖವಾಡ ಪಣಕ್ಕಿಟ್ಟ ಪಂದ್ಯಗಳಿವೆ. ಬೆಲ್ಟಿಗೆ ವಿದ್ಯೆ ಬೇಕು. ಈ ಕಟ್ಟಳೆಯನ್ನು ಬರೆದಿಟ್ಟವರಿಗಿಂತ ಹೆಚ್ಚಾಗಿ ಉಳಿಸಿಕೊಂಡು ಬಂದವರು ಆಡುವವರೇ.

ಈಗ ಈ ಚರಿತ್ರೆಯ ದೊಡ್ಡ ರಾತ್ರಿಗೆ ಬರೋಣ. ಅದು ಬೇರೊಂದು ರಾತ್ರಿಯಿಂದ ಶುರುವಾಗುತ್ತದೆ. 1952ರ ನವೆಂಬರ್ 7ರಂದು ಸಾಂತೋ ಮತ್ತು ಬ್ಲ್ಯಾಕ್ ಶ್ಯಾಡೋ ಇಬ್ಬರೂ ತಮ್ಮ ಮುಖವಾಡವನ್ನೇ ಪಣಕ್ಕಿಟ್ಟು ಆಡಿದರು. ಒಂದು ಗಂಟೆಗೂ ಜಾಸ್ತಿ ಹೊತ್ತು ನಡೆದ ಪಂದ್ಯ. ಸೋತ ಬ್ಲ್ಯಾಕ್ ಶ್ಯಾಡೋ ತುಂಬಿದ ಸಭೆಯಲ್ಲಿ ಮುಖವಾಡ ತೆಗೆದು ನಿಂತ. ಅವನಿಗೊಬ್ಬ ಜೊತೆಗಾರ. ರಿಂಗಿನಲ್ಲಿ ಇಬ್ಬರೂ ಅಣ್ಣತಮ್ಮಂದಿರು ಅಂತಲೇ ಹೆಸರು. ಅವನೇ ನೀಲಿ ಮುಖವಾಡದ ಬ್ಲೂ ಡೀಮನ್. ಮೊಂತೆರ್ರೇ ಕಡೆಯವನು, ರೈಲ್ವೆಯಲ್ಲಿ ದುಡಿದು ಬಂದವನು. ಕೈಗಳು ಎಷ್ಟು ದೊಡ್ಡವು ಅಂದರೆ ಜೊತೆಯವರು ‘ಮನೋತಾಸ್’ ಅಂತ ಕರೆಯುತ್ತಿದ್ದರು. ದೊಡ್ಡ ಕೈಯವನು ಅಂತ. ಅವನೂ ಅಲ್ಲಿವರೆಗೆ ರೂದೋನೇ. ಜೊತೆಗಾರನಿಗಾದ ಅವಮಾನ ಕಂಡು ಬಣ ಬದಲಿಸಿದ. ಜನ ಅವನ ಹಿಂದೆ ನಿಂತರು. ಹೆಸರಿನಲ್ಲಿ ಸಂತನಿದ್ದವನು ದುಷ್ಟ, ಹೆಸರಿನಲ್ಲಿ ದೆವ್ವವಿದ್ದವನು ಒಳ್ಳೆಯವನು. ಎಂಥಾ ಜೋಡಿ ನೋಡಿ!

1953ರ ಸೆಪ್ಟೆಂಬರ್ 25. ಸಾಂತೋಗೆ 36 ತುಂಬಿ ಎರಡು ದಿನವಾಗಿತ್ತು. ವೆಲ್ಟರ್‌ವೇಟ್ ಬೆಲ್ಟು ಅವನ ಬಳಿ. ಎದುರಿಗೆ ಬ್ಲೂ ಡೀಮನ್. ಮುಖವಾಡ ಕಿತ್ತು ಸೇಡು ತೀರಿಸಿಕೊಳ್ಳಬಹುದಿತ್ತು, ಸಿನಿಮಾದಲ್ಲಾದರೆ ಹಾಗೇ ಆಗುತ್ತಿತ್ತು. ಇಲ್ಲಿ ಬ್ಲೂ ಡೀಮನ್ ಬೆಲ್ಟನ್ನು ತೆಗೆದುಕೊಂಡ. ಕುಸ್ತಿಯ ವಿದ್ಯೆಯಲ್ಲೇ ನಿನ್ನನ್ನು ಸೋಲಿಸುತ್ತೇನೆ ಅಂದ ಹಾಗೆ. ಸಾಂತೋ ಮುಖವಾಡ ಜೀವಮಾನದಲ್ಲಿ ಯಾರಿಗೂ ಸೋಲಲಿಲ್ಲ, ಬ್ಲೂ ಡೀಮನ್ ಕೂಡ ಸೋಲಲಿಲ್ಲ. ಇಬ್ಬರೂ ಮುಖವಾಡದ ಪಣದಲ್ಲಿ ಎದುರಾಗಲೇ ಇಲ್ಲ. ಹಾಗಾಗಿ ಅವರಿಬ್ಬರಲ್ಲಿ ಯಾರು ಮೇಲು ಅನ್ನುವ ಜಗಳ ಇವತ್ತಿಗೂ ನಡೆಯುವಾಗ, ಡೀಮನ್ ಕಡೆಯವರ ಕೈಯಲ್ಲಿರುವ ಸಾಕ್ಷಿ ಈ ಬೆಲ್ಟು. ನನ್ನನ್ನು ಕೇಳಿದರೆ ಅದು ಗಟ್ಟಿ ಸಾಕ್ಷಿ. ಸಾಂತೋ ಆಗಲೇ ಕಾಮಿಕ್ಸ್ ಪುಸ್ತಕಗಳ ನಾಯಕ. ಮುಂದೆ ಸಿನಿಮಾದ ಹೀರೋ ಆಗಿ ಮನೆಮಾತಾದ. ಅಂಥವನು ಆ ರಾತ್ರಿ ರಿಂಗಿನಲ್ಲಿ ಬೆಲ್ಟು ಬಿಟ್ಟುಕೊಟ್ಟು ಇಳಿದ. ಅದಕ್ಕೂ ದೊಡ್ಡ ಮನಸ್ಸು ಬೇಕು.

ಬ್ಲೂ ಡೀಮನ್ ಅದನ್ನು 1958ರವರೆಗೆ ಇಟ್ಟುಕೊಂಡ. ಅವನಿಂದ ಗೆದ್ದವನು ಕಾರ್ಲಾಫ್ ಲಗಾರ್ದೆ. ಮುಖವಾಡ ಇಲ್ಲದ ರೂದೋ. ‘ಬಂಡುಕೋರ ದೇವದೂತ’ ಅಂತ ಅವನಿಗೆ ಅಡ್ಡಹೆಸರು. ಈತನ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ. 1958ರಿಂದ 1965ರವರೆಗೆ, ಏಳು ವರ್ಷ, ಬೆಲ್ಟು ಅವನ ಬಳಿಯೇ ಇತ್ತು. ಅಷ್ಟು ವರ್ಷ ಒಬ್ಬನ ಮೇಲೆ ನಂಬಿಕೆ ಇಡಬೇಕಾದರೆ ಅವನ ಕೈಯಲ್ಲಿ ಎಂಥ ಪಟ್ಟುಗಳಿರಬೇಕು! ಮುಖವಾಡದವರ ನಾಡಿನಲ್ಲಿ ಬರೀ ಮುಖ ಹೊತ್ತು, ಬೈಗುಳ ತಿನ್ನುತ್ತಾ, ಇಬ್ಬರು ದೈತ್ಯ ಹೆಸರುಗಳ ನಂತರ ಈ ಬೆಲ್ಟಿನ ಮಾನ ಕಾಯ್ದವನು ಅವನು. ಮುಂದೆ ಉರಾಕಾನ್ ರಾಮಿರೆಸ್ ಕೂಡ ಈ ಬೆಲ್ಟು ಕಟ್ಟಿದ. ಎದುರಾಳಿಯ ಹೆಗಲ ಮೇಲೆ ಕಾಲು ಹಾಕಿ ಉರುಳಿಸುವ ಪಟ್ಟಿಗೆ ಇಂದಿಗೂ ಅವನದೇ ಹೆಸರು.

ಈ ಬೆಲ್ಟಿಗೆ ಎನ್‌ಡಬ್ಲ್ಯೂಎ ಅನ್ನುವ ಒಂದು ಒಕ್ಕೂಟದ ಹೆಸರೂ ಇತ್ತು. ಆ ಹೆಸರು ಬಂದದ್ದು ಆಮೇಲೆ. ಅಮೆರಿಕದ ಕುಸ್ತಿ ಕಂಪನಿಗಳು ಸೇರಿ ಆ ಒಕ್ಕೂಟ ಮಾಡಿಕೊಂಡದ್ದು 1948ರಲ್ಲಿ. ಬೆಲ್ಟು ಅದಕ್ಕಿಂತ ಎರಡು ವರ್ಷ ಹಳೆಯದು. ಲುತ್ತೆರೋತ್ ಕಂಪನಿ 50ರ ದಶಕದಲ್ಲಿ ಒಕ್ಕೂಟ ಸೇರಿದಾಗ ಹೆಸರು ಅಂಟಿಕೊಂಡಿತು. 80ರ ದಶಕದ ಕೊನೆಗೆ ಕಂಪನಿ ಒಕ್ಕೂಟ ಬಿಟ್ಟಿತು. ಬೆಲ್ಟನ್ನೂ ಹೆಸರನ್ನೂ ಮಾತ್ರ ಬಿಡಲಿಲ್ಲ. ಈ ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1996ರಲ್ಲಿ ಬೆಲ್ಟು ಸಮುದ್ರ ದಾಟಿ ಜಪಾನಿಗೆ ಹೋಯಿತು. ಟೋಕಿಯೋದ ಸುಮೋ ಕ್ರೀಡಾಂಗಣದಲ್ಲಿ ಆಗಸ್ಟ್ ತಿಂಗಳು ಒಂದು ಟೂರ್ನಮೆಂಟು. ಎಂಟು ಬೆಲ್ಟುಗಳ ಎಂಟು ಚಾಂಪಿಯನ್ನರು. ಕೊನೆಯಲ್ಲಿ ಗೆದ್ದವನಿಗೆ ಎಂಟೂ ಬೆಲ್ಟು. ಅದಕ್ಕೆ ಜೆ-ಕ್ರೌನ್ ಅಂತ ಹೆಸರು. ವೆಲ್ಟರ್‌ವೇಟ್ ಬೆಲ್ಟು ತಂದಿದ್ದವನು ಮೆಕ್ಸಿಕೋದ ನೆಗ್ರೋ ಕಾಸಸ್. ಅವನು ಮೊದಲ ಸುತ್ತಿನಲ್ಲೇ ಸೋತ. ಫೈನಲ್ ಗೆದ್ದವನು ಗ್ರೇಟ್ ಸಾಸುಕೆ. ಆ ಪಂದ್ಯದಲ್ಲಿ ರಿಂಗಿನಿಂದ ಹೊರಗೆ ಹಾರುವಾಗ ತಪ್ಪಿ ಬಿದ್ದು ತಲೆಬುರುಡೆ ಬಿರುಕು ಬಿಟ್ಟಿತ್ತು. ಹಾಗೇ ಆಡಿ ಮುಗಿಸಿದ. ಮೊದಲೇ ಮಾತಾದ ಆಟ ಅಂತ ಹಗುರವಾಗಿ ಮಾತಾಡುವವರಿಗೆ ನಾನು ಈ ಪಂದ್ಯದ ಬಗ್ಗೆ ಹೇಳುತ್ತೇನೆ. ಗೆಲುವು ನಿಗದಿಯಾಗಿರಬಹುದು, ನೆಲ ಗಟ್ಟಿಯಾಗಿಯೇ ಇರುತ್ತದೆ.

ಅಕ್ಟೋಬರಿನಲ್ಲಿ ಉಲ್ತಿಮೋ ದ್ರಾಗೋನ್ ಎಂಟೂ ಬೆಲ್ಟು ಗೆದ್ದ. ಹುಟ್ಟಿದ್ದು ಜಪಾನಿನಲ್ಲಿ, ಪಳಗಿದ್ದು ಮೆಕ್ಸಿಕೋದಲ್ಲಿ. ಆ ವರ್ಷದ ಕೊನೆಗೆ ಅವನ ಹತ್ತಿರ ಹತ್ತು ಬೆಲ್ಟುಗಳಿದ್ದವು. ಮೈಗೆ, ಹೆಗಲಿಗೆ, ಕೈಗೆ ಬೆಲ್ಟು ಸುತ್ತಿಕೊಂಡು ನಿಂತ ಅವನ ಫೋಟೋ ಕುಸ್ತಿ ಬಲ್ಲವರೆಲ್ಲ ನೋಡಿರುತ್ತಾರೆ. ಅದು ಚೆಂದದ ಫೋಟೋ. ಆದರೆ ಹತ್ತರಲ್ಲಿ ಒಂದಾಗಿ ನಮ್ಮ ಹಳೆಯ ಬೆಲ್ಟಿನ ಮುಖವೇ ಕಾಣದಂತಾಯಿತು ಅಂತ ನನಗೆ ಅನ್ನಿಸುತ್ತದೆ. 1997ರ ಕೊನೆಗೆ ಜೆ-ಕ್ರೌನ್ ಮುರಿದುಬಿತ್ತು. ಬೆಲ್ಟುಗಳು ಒಂದೊಂದು ದಿಕ್ಕಿಗೆ ಹೋದವು. ನಮ್ಮದು ಕೆಲ ವರ್ಷಗಳ ಮೇಲೆ ಮತ್ತೆ ಮೆಕ್ಸಿಕೋ ಸೇರಿತು.

ಇನ್ನು 2010. ಎನ್‌ಡಬ್ಲ್ಯೂಎ ಒಕ್ಕೂಟಕ್ಕೆ ಮೆಕ್ಸಿಕೋದಲ್ಲಿ ಒಂದು ಶಾಖೆ ಆಗಿತ್ತು. ನಮ್ಮ ಹೆಸರು ಬಳಸಬೇಡಿ, ಅಂತ ಆ ಶಾಖೆಯವರು ಸಿಎಂಎಲ್‌ಎಲ್‌ಗೆ ತಕರಾರು ಎತ್ತಿದರು. ಶಾಖೆಯ ಅಧ್ಯಕ್ಷ ಯಾರು ಅಂತೀರಿ? ಬ್ಲೂ ಡೀಮನ್ ಜೂನಿಯರ್. ನೀಲಿ ಮುಖವಾಡದ ಹಿರಿಯನ ಸಾಕುಮಗ. ಅಪ್ಪ ಸಾಂತೋ ಸೊಂಟದಿಂದ ಬಿಡಿಸಿ ತಂದ ಬೆಲ್ಟು. ಐವತ್ತೇಳು ವರ್ಷದ ಮೇಲೆ ಮಗ ಬಂದು ಅದರ ಮೇಲಿನ ಹೆಸರು ಕೇಳುತ್ತಿದ್ದಾನೆ. ಕಂಪನಿ ಹೆಸರು ಬಿಟ್ಟುಕೊಡಲಿಲ್ಲ, ಸುಮ್ನೆ ಕೂರಲೂ ಇಲ್ಲ. ಆಗಸ್ಟಿನಲ್ಲಿ ಹೊಸ ಬೆಲ್ಟು ಮಾಡಿಸಿ, ಹೆಸರಿಗೆ ಒಂದೇ ಒಂದು ಪದ ಸೇರಿಸಿತು. ‘ಇಸ್ತೋರಿಕೋ’. ಚಾರಿತ್ರಿಕ ಬೆಲ್ಟು ಅಂತ. ಹೊಸ ಬೆಲ್ಟಿನ ಮೊದಲ ಒಡೆಯ ಮೆಫಿಸ್ತೋ. ಅವನ ತೂಕ ಸುಮಾರು 90 ಕಿಲೋ. ವೆಲ್ಟರ್‌ವೇಟಿನ ಗೆರೆಯನ್ನು ಎಂದೋ ದಾಟಿದವನು. ತೂಕದ ತಕ್ಕಡಿ ಇತ್ತೀಚೆಗೆ ಅಲ್ಲಿ ಸಡಿಲವಾಗಿದೆ, ನನಗಂತೂ ಅದು ಸರಿ ಕಾಣುವುದಿಲ್ಲ. ಸಣ್ಣ ಮೈಯವರಿಗೆ ಅಂತ ಮಾಡಿದ ಬೆಲ್ಟು ಸಣ್ಣ ಮೈಯವರ ಬಳಿಯೇ ಇರಬೇಕು.

ಆಮೇಲೆ ವೊಲಾದೋರ್ ಜೂನಿಯರ್ ಬಂದ. ವೊಲಾದೋರ್ ಅಂದರೆ ಹಾರುವವನು. ಹಗ್ಗದ ಮೇಲಿಂದ ಜನರ ಕಡೆಗೆ ಹಾರಿ, ಗಾಳಿಯಲ್ಲೇ ಮೈ ತಿರುಗಿಸಿ ಇಳಿಯುವ ಆಟಗಾರ. ವರ್ಷಗಟ್ಟಲೆ ಈ ಬೆಲ್ಟು ಅವನ ಬಳಿ ಇತ್ತು. ಅಷ್ಟೆಲ್ಲ ಹಾರುವವನೂ ಪಟ್ಟದ ಪಂದ್ಯದ ಮೊದಲ ಸುತ್ತಿನಲ್ಲಿ ನೆಲಕ್ಕೆ ಬಂದು, ಎದುರಾಳಿಯ ಮೊಣಕೈ ಹಿಡಿದು, ಒಂದು ಕೀಲಿಕೈಯಿಂದಲೇ ಶುರು ಮಾಡುತ್ತಾನೆ.

ನಮಸ್ಕಾರ.